ಮಸಾಲೆ ಡಬ್ಬಿ ಬೂಷ್ಟನ್ನು ಎಷ್ಟು ತಡೆಯುತ್ತದೆ?

ಪಾವಗಡ, ಸಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಿ ಕಡ್ಲೆಕಾಯಿ ಕೀಳುವ ಕಾಲವೂ ಹಿಂಗಾರು ಮಳೆಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ವರ್ಷದ ಬಹುಪಾಲು ಒಣಗಿ ನಿಂತಿರುವ ನಮ್ಮ ಸೀಮೆಯಲ್ಲಿ ಆ ಕೆಲವು ವಾರ ಮನೆಯೊಳಗೆಲ್ಲ ತೇವ. ಮೂಲೆಯಲ್ಲಿಟ್ಟ ಕಡ್ಲೆಕಾಯಿ ಚೀಲದಿಂದ ಮುಗ್ಗಲು ವಾಸನೆ ಬರುತ್ತದೆ. ಉಪ್ಪಿನಕಾಯಿ ಜಾಡಿಯ ಬಾಯಲ್ಲಿ ಬಿಳಿ ಪದರ ಕಟ್ಟುತ್ತದೆ. ಮಕ್ಕಳ ತೊಡೆಸಂದಿಯಲ್ಲಿ, ಹಿರಿಯರ ಕಾಲ್ಬೆರಳ ನಡುವೆ ತುರಿಕೆ ಶುರುವಾಗುತ್ತದೆ. ನೋಡಲು ಮೂರೂ ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ಆದರೆ ಮೂರಕ್ಕೂ ಕಾರಣ ಒಂದೇ ಕುಲಕ್ಕೆ ಸೇರಿದ ಜೀವಿಗಳು. ಪುಸ್ತಕದಲ್ಲಿ ಅವುಗಳ ಹೆಸರು ಶಿಲೀಂಧ್ರ. ನಾವು ಆಹಾರದ ಮೇಲೆ ಬಂದರೆ ಬೂಷ್ಟು ಎನ್ನುತ್ತೇವೆ, ಚರ್ಮದ ಮೇಲೆ ಬಂದರೆ ಹುಳುಕಡ್ಡಿ, ಗಜಕರ್ಣ ಅಥವಾ ದಾದ್ ಎನ್ನುತ್ತೇವೆ.

ಇಂತಹ ಹೊತ್ತಿನಲ್ಲಿ ಹಲವರ ಕೈ ಮೊದಲು ಹೋಗುವುದು ಮಸಾಲೆ ಡಬ್ಬಿಗೆ. "ಲವಂಗ ಅರೆದು ಹಚ್ಚಿ", "ಬೆಳ್ಳುಳ್ಳಿ ತಿಕ್ಕಿ", "ಅರಿಶಿನ ಹಾಕಿದರೆ ಎಲ್ಲ ಸರಿಹೋಗುತ್ತದೆ" ಎಂಬ ಸಲಹೆ ನೆರೆಮನೆಯಿಂದಲೂ ಬರುತ್ತದೆ, ಮೊಬೈಲಿನಿಂದಲೂ ಬರುತ್ತದೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಎಷ್ಟು ಸತ್ಯ ಎಂದು ತಿಳಿಯದೆ ನಂಬಿದರೆ ಕೆಲವು ಕಡೆ ಚರ್ಮ ಸುಡುತ್ತದೆ, ಇನ್ನು ಕೆಲವು ಕಡೆ ಯಕೃತ್ತಿಗೇ ಕುತ್ತು ಬರುತ್ತದೆ. ಆದುದರಿಂದ ಈ ತಿಂಗಳ ಪಾಠದಲ್ಲಿ ಮೂರು ಪ್ರಶ್ನೆಗಳನ್ನು ನೋಡೋಣ: ಮಸಾಲೆ ಬೂಷ್ಟನ್ನು ಹೇಗೆ ತಡೆಯುತ್ತದೆ? ಎಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ? ಎಲ್ಲಿ ಅದನ್ನು ನಂಬಲೇಬಾರದು?

ಬೂಷ್ಟಿಗೆ ಏನು ಬೇಕು?

ಶಿಲೀಂಧ್ರದ ಬೀಜಕಣಗಳು ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ, ಮಣ್ಣಿನಲ್ಲಿ, ಗೋಣಿಚೀಲದಲ್ಲಿ, ನಮ್ಮ ಬಟ್ಟೆಯಲ್ಲಿ ಅವು ಯಾವಾಗಲೂ ಇರುತ್ತವೆ. ಅವುಗಳನ್ನು ಮನೆಯಿಂದ ಪೂರ್ತಿ ಓಡಿಸಲು ಯಾರಿಂದಲೂ ಆಗದು. ಆದರೆ ಅವು ಮೊಳೆತು ಬೆಳೆಯಲು ನಾಲ್ಕು ಸಂಗತಿಗಳು ಬೇಕು: ಆಹಾರ, ಬೆಚ್ಚನೆಯ ಹವೆ, ತೇವ ಮತ್ತು ಸಮಯ. ಆಹಾರ ನಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಬೆಚ್ಚನೆಯ ಹವೆಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ನಮ್ಮ ಹಿಡಿತದಲ್ಲಿ ಉಳಿಯುವುದು ತೇವ ಮತ್ತು ಸಮಯ ಎರಡೇ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಪಾಠದುದ್ದಕ್ಕೂ ಈ ಮಾತಿಗೇ ಮತ್ತೆ ಮತ್ತೆ ಬರುತ್ತೇವೆ.

ಡಬ್ಬಿಯೊಳಗಿನ ಕಾವಲುಗಾರರು

ಗಿಡಕ್ಕೆ ಓಡಲು ಕಾಲಿಲ್ಲ. ಹುಳ, ಶಿಲೀಂಧ್ರ ಬಂದರೆ ಅದು ನಿಂತಲ್ಲೇ ನಿಂತು ಕಾದಾಡಬೇಕು. ಅದಕ್ಕಾಗಿ ಅಲ್ಲಾಹನು ಸಸ್ಯಗಳಿಗೆ ಘಾಟು, ಕಹಿ, ಖಾರದ ರಸಗಳನ್ನು ಕೊಟ್ಟಿದ್ದಾನೆ. ನಾವು ಮಸಾಲೆ ಎಂದು ಕರೆಯುವುದು ಬಹುಪಾಲು ಈ ರಸಗಳನ್ನೇ.

ಲವಂಗದ ಎಣ್ಣೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚಾಗಿಯೇ ಇರುವ ವಸ್ತು ಯೂಜೆನಾಲ್. ಹಲ್ಲುನೋವಿಗೆ ಲವಂಗ ಕಚ್ಚಿದಾಗ ಬಾಯಿ ಜೋಮು ಹಿಡಿಯುವುದು ಇದರಿಂದಲೇ. ಚಕ್ಕೆಯ ಘಮ ಸಿನ್ನಮಾಲ್ಡಿಹೈಡ್ ಎಂಬ ವಸ್ತುವಿನದು. ಓಮಕಾಳಿನ ಘಾಟು ಥೈಮಾಲ್‌ನದು. ಈ ಮೂರೂ ಎಣ್ಣೆಯ ಗುಣದವು. ಶಿಲೀಂಧ್ರದ ಜೀವಕೋಶವನ್ನು ಸುತ್ತಿರುವ ಪೊರೆಯಲ್ಲೂ ಕೊಬ್ಬಿನ ಅಂಶವಿದೆ. ಎಣ್ಣೆ ಎಣ್ಣೆಯೊಡನೆ ಬೆರೆಯುವಂತೆ ಈ ವಸ್ತುಗಳು ಆ ಪೊರೆಯೊಳಗೆ ನುಗ್ಗಿ ಅದನ್ನು ಸಡಿಲಗೊಳಿಸುತ್ತವೆ. ಒಳಗಿನ ಸಾರ ಸೋರಿಹೋಗಿ ಶಿಲೀಂಧ್ರ ಸೊರಗುತ್ತದೆ.

ಸಾಸಿವೆಯ ಕೆಲಸ ಬೇರೆ ಬಗೆಯದು. ಇಡೀ ಕಾಳು ಸುಮ್ಮನಿರುತ್ತದೆ. ಪುಡಿ ಮಾಡಿ ತೇವ ತಾಗಿಸಿದಾಗ ಮಾತ್ರ ಕಾಳಿನೊಳಗಿನ ಎರಡು ವಸ್ತುಗಳು ಒಂದನ್ನೊಂದು ಸೇರಿ ಮೂಗಿಗೇರುವ ಘಾಟು ಹುಟ್ಟುತ್ತದೆ. ಈ ಘಾಟಿನ ಆವಿಯೂ ಬೂಷ್ಟನ್ನು ತಡೆಯಬಲ್ಲದು. ಉಪ್ಪಿನಕಾಯಿಗೆ ನಮ್ಮ ಅಜ್ಜಿ, ನಾನಿಯರು ಹಸಿ ಸಾಸಿವೆಯ ಪುಡಿಯನ್ನು ಬೆರೆಸುತ್ತಿದ್ದುದು ರುಚಿಗೆ ಮಾತ್ರವಲ್ಲ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಈ ಶಕ್ತಿ ಇರುವುದಿಲ್ಲ, ಬಿಸಿಗೆ ಅದು ಹೋಗಿಬಿಟ್ಟಿರುತ್ತದೆ.

ಬೆಳ್ಳುಳ್ಳಿಯದೂ ಹೀಗೆಯೇ. ಜಜ್ಜಿದಾಗ ಮಾತ್ರ ಅಲಿಸಿನ್ ಎಂಬ ವಸ್ತು ಉಂಟಾಗುತ್ತದೆ, ಬೇಯಿಸಿದರೆ ಬಹುಪಾಲು ನಾಶವಾಗುತ್ತದೆ. ಅರಿಶಿನದ ಕರ್ಕ್ಯುಮಿನ್‌ಗೂ ಕಲೋಂಜಿಯ ಥೈಮೋಕ್ವಿನೋನ್‌ಗೂ ಶಿಲೀಂಧ್ರವನ್ನು ತಡೆಯುವ ಗುಣ ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆದರೆ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಬೆಳಕಿಗೆ ಬೇಗ ಕೆಡುತ್ತದೆ. ಅದಕ್ಕೇ ಅರಿಶಿನದ ನೀರು ಹಳದಿ ಬಣ್ಣ ಕೊಡುವಷ್ಟು ರಕ್ಷಣೆ ಕೊಡುವುದಿಲ್ಲ.

ಇಲ್ಲಿ ಒಂದು ಮಾತು ನೆನಪಿರಲಿ. ಪ್ರಯೋಗಾಲಯದ ತಟ್ಟೆಯಲ್ಲಿ ಬಳಸುವುದು ಬಟ್ಟಿ ಇಳಿಸಿದ ಗಟ್ಟಿ ಎಣ್ಣೆ. ನಮ್ಮ ಅಡುಗೆಯಲ್ಲಿ ಬೀಳುವುದು ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ತಟ್ಟೆಯಲ್ಲಿ ಗೆದ್ದದ್ದು ಪಾತ್ರೆಯಲ್ಲೂ ಗೆಲ್ಲುತ್ತದೆ, ಚರ್ಮದ ಮೇಲೂ ಗೆಲ್ಲುತ್ತದೆ ಎಂದು ತಿಳಿಯಬಾರದು. ಬಿರಿಯಾನಿಯಲ್ಲಿ ಇಷ್ಟೆಲ್ಲ ಮಸಾಲೆ ಇದೆಯಲ್ಲ ಎಂದು ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ಮಕ್ಕಳಿಗೆ ಬಡಿಸುವವರಿದ್ದಾರೆ. ಬೆಂದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಆ ನಾಲ್ಕು ಲವಂಗ ಅಡ್ಡಿಯಾಗುವುದಿಲ್ಲ. ಉಳಿದ ಬಿರಿಯಾನಿಯನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಫ್ರಿಜ್ ಇಲ್ಲದಿದ್ದರೆ ಬಿಸಿಯಿರುವಾಗಲೇ ನೆರೆಮನೆಗೆ ಹಂಚಿ, ಪುಣ್ಯವೂ ಸಿಗುತ್ತದೆ.

ಮಸಾಲೆ ಗೆಲ್ಲುವ ಜಾಗ: ಉಪ್ಪಿನಕಾಯಿ ಜಾಡಿ

ಜಾಡಿಯಲ್ಲಿ ಮಸಾಲೆ ಒಂಟಿಯಲ್ಲ. ಉಪ್ಪು ಹೋಳಿನ ನೀರನ್ನು ಹೀರಿ ಶಿಲೀಂಧ್ರಕ್ಕೆ ಸಿಗದಂತೆ ಮಾಡುತ್ತದೆ. ಮಾವು, ನಿಂಬೆಯ ಹುಳಿ ಅದರ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ಮೇಲೆ ನಿಂತ ಎಣ್ಣೆ ಗಾಳಿಯನ್ನು ದೂರವಿಡುತ್ತದೆ. ಇವುಗಳ ಜೊತೆಗೆ ಸಾಸಿವೆ, ಮೆಂತ್ಯ, ಇಂಗು, ಅರಿಶಿನ ಕೂಡಿದಾಗ ಆ ಕೋಟೆ ಭದ್ರವಾಗುತ್ತದೆ. ಒಂದು ಗೋಡೆ ಬಿದ್ದರೂ ಬೂಷ್ಟು ಒಳಗೆ ಬರುತ್ತದೆ. ಆದುದರಿಂದ:

1. ಹೋಳುಗಳನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ. ಹಸಿ ಹೋಳು ಹಾಕಬೇಡಿ.

2. ಒಂದು ಕೆ.ಜಿ. ಮಾವಿನ ಹೋಳಿಗೆ 150ರಿಂದ 200 ಗ್ರಾಂ ಉಪ್ಪು ಬೇಕು. ರಕ್ತದೊತ್ತಡ ಇರುವವರು ಉಪ್ಪು ಕಡಿಮೆ ಹಾಕಿ ಮಾಡಿಟ್ಟರೆ ಉಪ್ಪಿನಕಾಯಿ ಕೆಡುತ್ತದೆ. ಸರಿಯಾಗಿ ಮಾಡಿ, ತಿನ್ನುವುದನ್ನು ಕಡಿಮೆ ಮಾಡಿ.

3. ಗಾಜಿನ ಅಥವಾ ಪಿಂಗಾಣಿ ಜಾಡಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ.

4. ಸಾಸಿವೆಯನ್ನು ಆ ದಿನವೇ ಪುಡಿ ಮಾಡಿ. ವರ್ಷದ ಹಿಂದೆ ಪುಡಿ ಮಾಡಿಟ್ಟದ್ದರ ಘಾಟು ಹೋಗಿರುತ್ತದೆ. ಘಾಟು ಹೋದರೆ ಕಾವಲೂ ಹೋಯಿತು.

5. ಎಣ್ಣೆ ಹೋಳಿನ ಮೇಲೆ ಒಂದು ಬೆರಳಷ್ಟು ನಿಲ್ಲಲಿ. ತೇವದ ಚಮಚ, ಎಂಜಲು ಕೈ ಜಾಡಿಗೆ ಇಳಿಯಬಾರದು. ದಿನಬಳಕೆಗೆ ಸಣ್ಣ ಬಾಟಲಿಗೆ ತೆಗೆದಿಟ್ಟುಕೊಳ್ಳಿ.

ಶುಂಠಿ–ಬೆಳ್ಳುಳ್ಳಿ ಪೇಸ್ಟಿನ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಉಪ್ಪು ಬೆರೆಸಿ ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬೇಡಿ. ಎಣ್ಣೆ ಗಾಳಿಯನ್ನು ತಡೆದಾಗ ಬೂಷ್ಟು ಬರದೇ ಇರಬಹುದು. ಆದರೆ ಗಾಳಿಯಿಲ್ಲದ, ಹುಳಿಯಿಲ್ಲದ ಆ ಜಾಗದಲ್ಲೇ ಬೊಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷವನ್ನು ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮಸಾಲೆ ಸೋಲುವ ಜಾಗ: ಕಡ್ಲೆಕಾಯಿ ಚೀಲ

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ದಯವಿಟ್ಟು ಇದನ್ನು ಮನೆಯವರಿಗೆಲ್ಲ ಓದಿ ಹೇಳಿ.

1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ಮೊದಲು ಯಾರಿಗೂ ಕಾರಣ ತಿಳಿಯಲಿಲ್ಲ. ಕೊನೆಗೆ ಅವುಗಳಿಗೆ ತಿನ್ನಿಸಿದ ಕಡ್ಲೆಕಾಯಿ ಹಿಂಡಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಹಳದಿ–ಹಸಿರು ಬೂಷ್ಟು ಉಗುಳಿದ ವಿಷ ಸಿಕ್ಕಿತು. ಆ ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು.

ಇದು ಕೋಳಿಗಳ ಕಥೆಯಾಗಿಯೇ ಉಳಿಯಲಿಲ್ಲ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮೆಕ್ಕೆಜೋಳ ಕೊಯ್ಯುವ ಹೊತ್ತಿಗೆ ಅಕಾಲ ಮಳೆ ಬಂತು. ತೇವದ ಜೋಳಕ್ಕೆ ಬೂಷ್ಟು ಹಿಡಿಯಿತು. ಬೇರೆ ಗತಿಯಿಲ್ಲದ ಬಡವರು ಅದನ್ನೇ ತಿಂದರು. ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬಿ 100ಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ಜೋಳ ತಿಂದ ಮನೆಯ ನಾಯಿಗಳೂ ಸತ್ತವು.

ಅಂತಹ ದೊಡ್ಡ ದುರಂತ ಅಪರೂಪ. ಆದರೆ ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋಗುವ ಅಫ್ಲಟಾಕ್ಸಿನ್ ಸದ್ದಿಲ್ಲದೆ ಯಕೃತ್ತನ್ನು ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ದರ್ಜೆಯಲ್ಲಿ ಇಟ್ಟಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಕೂಸು ಹುಟ್ಟಿದ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಹೆಪಟೈಟಿಸ್ ಬಿ ಲಸಿಕೆ, ಆಮೇಲೆ 6, 10, 14ನೇ ವಾರದ ಚುಚ್ಚುಮದ್ದು ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳು ಇದಕ್ಕೆ ಕಿವಿಗೊಡಬೇಕಾದ ಕಾರಣ ನಮ್ಮ ಹವೆಯಲ್ಲೇ ಇದೆ. ಆಸ್ಪರ್ಜಿಲ್ಲಸ್ ಹೊಲದ ಮಣ್ಣಿನಲ್ಲೇ ಇರುತ್ತದೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದರೆ ಗಿಡ ಬಳಲುತ್ತದೆ, ಸಿಪ್ಪೆ ಬಿರುಕು ಬಿಡುತ್ತದೆ, ಶಿಲೀಂಧ್ರ ನೆಲದೊಳಗೇ ಕಾಯಿಯನ್ನು ಹೊಕ್ಕುತ್ತದೆ. ಆಮೇಲೆ ಕಿತ್ತು ಹಾಕಿದ ಗಿಡದ ಮೇಲೆ ಮಳೆ ಸುರಿದರೆ ಅದು ಹಬ್ಬುತ್ತದೆ. ಮೊದಲು ಬರ, ಆಮೇಲೆ ಅಕಾಲ ಮಳೆ: ಪಾವಗಡ, ಸಿರಾ, ಮಧುಗಿರಿಯ ರೈತರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಮಸಾಲೆ ಏಕೆ ಸೋಲುತ್ತದೆ? ಬೂಷ್ಟು ಬೇರೆ, ಅದು ಬಿಟ್ಟುಹೋದ ವಿಷ ಬೇರೆ. ಲವಂಗ, ಸಾಸಿವೆ, ಬೆಳ್ಳುಳ್ಳಿ ಬೂಷ್ಟು ಬೆಳೆಯುವುದನ್ನು ತಡೆಯಬಹುದು. ಈಗಾಗಲೇ ಕಾಳಿನೊಳಗೆ ಸೇರಿದ ವಿಷವನ್ನು ಅವು ತೆಗೆಯಲಾರವು. ತೊಳೆದರೆ ಹೋಗದು. ಕುದಿಸಿದರೆ ಹೋಗದು. ಹುರಿದರೆ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗದು. ಮುಗ್ಗಲು ಬೀಜಕ್ಕೆ ಬೆಳ್ಳುಳ್ಳಿ, ಖಾರ ಹೆಚ್ಚು ಹಾಕಿ ಚಟ್ನಿಪುಡಿ ಮಾಡಿದರೆ ವಾಸನೆ ಮುಚ್ಚಿಹೋಗುತ್ತದೆ, ವಿಷ ಹಾಗೆಯೇ ಉಳಿಯುತ್ತದೆ. ಮಸಾಲೆಯಿಂದ ನಮಗಾಗುವ ದೊಡ್ಡ ಕೇಡು ಇದೇ. "ಇದನ್ನು ತಿನ್ನಬೇಡ" ಎಂದು ಮೂಗು, ನಾಲಿಗೆ ಹೇಳುವ ಮಾತನ್ನು ಅದು ಕೇಳಿಸದಂತೆ ಮಾಡುತ್ತದೆ.

ಮಸಾಲೆಯೇ ಈ ಬೂಷ್ಟಿಗೆ ತುತ್ತಾಗುವುದೂ ಉಂಟು. ಮಳೆಗೆ ಸಿಕ್ಕಿ ಸರಿಯಾಗಿ ಒಣಗದ ಮೆಣಸಿನಕಾಯಿಯಲ್ಲಿ ಅಫ್ಲಟಾಕ್ಸಿನ್ ಸೇರಬಹುದು. ತೊಟ್ಟಿನ ಬಳಿ ಕಪ್ಪಾದ, ಮುರಿದರೆ ಒಳಗೆ ಬೂದಿಯಂತೆ ಪುಡಿ ಕಾಣುವ ಮೆಣಸಿನಕಾಯಿಯನ್ನು ಮಿಲ್ಲಿಗೆ ಕಳಿಸುವ ಮುನ್ನವೇ ಆರಿಸಿ ತೆಗೆಯಿರಿ. ಪುಡಿಯಾದ ಮೇಲೆ ಕಣ್ಣಿಗೆ ಏನೂ ತಿಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು?

ಹೊಲ ಇರುವವರು ಕಾಯಿ ಬಲಿತ ಕೂಡಲೇ ಕೀಳಿ. ಹೂ ಬಿಡುವ ಹೊತ್ತಿಗೆ ಜಿಪ್ಸಂ ಕೊಟ್ಟರೆ ಅದರ ಸುಣ್ಣದ ಅಂಶದಿಂದ ಸಿಪ್ಪೆ ಗಟ್ಟಿಯಾಗುತ್ತದೆ. ಪ್ರಮಾಣವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕಿತ್ತ ಗಿಡಗಳನ್ನು ಕಾಯಿ ಮೇಲ್ಮುಖವಾಗಿರುವಂತೆ ಹರಡಿ. ಗುದ್ದಲಿ ತಾಗಿ ಒಡೆದ ಕಾಯಿ, ಗೆದ್ದಲು ಕೊರೆದ ಕಾಯಿ, ಒದ್ದೆ ಗುಡ್ಡೆಯ ಅಡಿಯ ಕಾಯಿಗಳನ್ನು ಒಳ್ಳೆಯದರ ಜೊತೆ ಬೆರೆಸಬೇಡಿ.

ಕಾಳಿನ ತೇವ ನೂರಕ್ಕೆ 8ಕ್ಕಿಂತ ಕಡಿಮೆಯಾಗುವವರೆಗೆ ಒಣಗಿಸಬೇಕು. ಮನೆಯಲ್ಲಿ ಇದನ್ನು ತಿಳಿಯುವ ಬಗೆ: ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಬೀಜವನ್ನು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಭವಾಗಿ ಬಿಡಬೇಕು. ಚೀಲವನ್ನು ನೆಲಕ್ಕೆ ಹಾಕದೆ ಹಲಗೆಯ ಮೇಲಿಡಿ, ಗೋಡೆಯಿಂದ ಒಂದು ಮೊಳ ದೂರವಿರಲಿ. ವರ್ಷಕ್ಕೆ ಇಡುವುದಾದರೆ ಬೀಜ ಬಿಡಿಸದೆ ಕಾಯಿಯಾಗಿಯೇ ಇಡಿ.

ಅಂಗಡಿಯಿಂದ ತರುವವರು ಬೀಜವನ್ನು ತಟ್ಟೆಯಲ್ಲಿ ಹರಡಿ ಕೈಯಿಂದ ಆರಿಸಿ. ಸುಕ್ಕುಗಟ್ಟಿದ್ದು, ಬಣ್ಣ ಕೆಟ್ಟದ್ದು, ಮೊಳಕೆಯೊಡೆದದ್ದು, ತೂತಾದದ್ದು ಬೇಡ. ವಿಷ ಎಲ್ಲ ಬೀಜಗಳಲ್ಲೂ ಸಮವಾಗಿ ಹರಡಿರುವುದಿಲ್ಲ, ಕೆಲವೇ ಕೆಟ್ಟ ಬೀಜಗಳಲ್ಲಿ ಗುಂಪಾಗಿರುತ್ತದೆ. ಹೀಗಾಗಿ ಕೈಯಿಂದ ಆರಿಸುವ ಈ ಸಣ್ಣ ಕೆಲಸ ಅಪಾಯವನ್ನು ಬಹಳ ಮಟ್ಟಿಗೆ ಇಳಿಸುತ್ತದೆ. ಅಗ್ಗಕ್ಕೆ ಸಿಗುವ ನುಚ್ಚು ಬೀಜವನ್ನು ಚಟ್ನಿಪುಡಿಗೆಂದು ತರಬೇಡಿ. ತಿನ್ನುವಾಗ ಕಹಿ ಬೀಜ ಬಾಯಿಗೆ ಬಂದರೆ ಉಗುಳಿ ಬಾಯಿ ಮುಕ್ಕಳಿಸಿ. ಮಕ್ಕಳಿಗೂ ಇದನ್ನೇ ಕಲಿಸಿ. ಗಾಣದ ಎಣ್ಣೆ ಆಡಿಸುವವರು ಕೂಡ ಆರಿಸಿದ ಬೀಜವನ್ನೇ ಕೊಡಿ. ಬೀಜದ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಭಾಗ ಶುದ್ಧೀಕರಿಸದ ಎಣ್ಣೆಗೂ ಇಳಿಯುತ್ತದೆ.

ಎಸೆಯುವುದು ಇಸ್ರಾಫ್ ಆಗುವುದೇ?

ಮನೆ ನಡೆಸುವ ತಾಯಂದಿರಿಗೆ ಇಲ್ಲಿ ಒಂದು ಸಂಕಟ ಇದ್ದೇ ಇರುತ್ತದೆ. ಬೂಷ್ಟು ಬಂದ ರೊಟ್ಟಿ, ಬ್ರೆಡ್, ಮುಗ್ಗಲು ಬೀಜವನ್ನು ಎಸೆದರೆ ಅನ್ನವನ್ನು ಪೋಲು ಮಾಡಿದ ಪಾಪ ಬರುತ್ತದಲ್ಲವೇ? ದುಂದುವೆಚ್ಚವನ್ನು ನಮ್ಮ ದೀನ್ ಖಂಡಿಸಿದೆ, ನಿಜ. ಆದರೆ ತಮ್ಮನ್ನು ತಾವೇ ನಾಶಕ್ಕೆ ದೂಡಿಕೊಳ್ಳಬಾರದೆಂದೂ ಅದೇ ದೀನ್ ಕಲಿಸಿದೆ. ವಿಷವಾದ ಮೇಲೆ ಅದು ಅನ್ನವಾಗಿ ಉಳಿದಿರುವುದಿಲ್ಲ. ಪೋಲಾದದ್ದು ಎಸೆದ ದಿನವಲ್ಲ, ತೇವದಲ್ಲಿ ಬಿಟ್ಟ ದಿನ. ಬೇಕಾದಷ್ಟೇ ತರುವುದು, ಒಣಗಿಸಿ ಇಡುವುದು, ಮೊದಲು ತಂದದ್ದನ್ನು ಮೊದಲು ಮುಗಿಸುವುದು ಇಸ್ರಾಫ್‌ನಿಂದ ಪಾರಾಗುವ ನಿಜವಾದ ದಾರಿ.

ಬ್ರೆಡ್, ರೊಟ್ಟಿ, ಅನ್ನ, ಜಾಮ್ ಮುಂತಾದ ಮೆತ್ತನೆಯ ಆಹಾರದಲ್ಲಿ ಬೂಷ್ಟು ಕಂಡರೆ ಕಂಡ ಭಾಗವನ್ನು ಮಾತ್ರ ಕಿತ್ತು ಉಳಿದದ್ದನ್ನು ತಿನ್ನಬೇಡಿ. ಬೇರಿನಂತಹ ಎಳೆಗಳು ಕಾಣದಂತೆ ಒಳಗೆಲ್ಲ ಹರಡಿರುತ್ತವೆ. ಉಪ್ಪಿನಕಾಯಿಯ ಮೇಲೆ ಹಸಿರು, ಕಪ್ಪು, ನೀಲಿ ಬಣ್ಣದ ರೋಮದಂತಹ ಬೂಷ್ಟು ಬಂದರೆ ಜಾಡಿಯನ್ನೇ ಖಾಲಿ ಮಾಡಿ.

ಕೆಟ್ಟದ್ದನ್ನು ದನಕ್ಕೆ, ಕೋಳಿಗೆ ಹಾಕಿದರಾಯಿತು ಎನ್ನುವವರಿದ್ದಾರೆ. ಹಸುವಿಗೆ ಹಾಕಿದ ಬೂಷ್ಟಿನ ಹಿಂಡಿಯ ವಿಷ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಆ ಹಾಲನ್ನು ಕುಡಿಯುವುದು ನಮ್ಮದೇ ಮಕ್ಕಳು. ಮೂಕಜೀವಿಯ ಹಕ್ಕಿನ ಪ್ರಶ್ನೆಯೂ ಇದೆ. ಇನ್ನು, ಮನೆಗೆಲಸದವರಿಗೆ, ಬಾಗಿಲಿಗೆ ಬಂದವರಿಗೆ ಅಂತಹದನ್ನು ಕೊಟ್ಟು ಸದಕಾ ಎಂದುಕೊಳ್ಳುವುದಂತೂ ಸರ್ವಥಾ ಸಲ್ಲದು. ನಮಗೇ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳದಂತಹ ಕೆಟ್ಟ ವಸ್ತುವನ್ನು ದಾನ ಮಾಡಬಾರದೆಂದು ಸೂರಃ ಅಲ್ ಬಕರಃದಲ್ಲಿ ಸ್ಪಷ್ಟ ಬೋಧನೆಯಿದೆ. ಅದನ್ನು ಗುಂಡಿ ತೋಡಿ ಹೂತುಬಿಡಿ.

ಮಸಾಲೆ ಸುಡುವ ಜಾಗ: ನಮ್ಮ ಚರ್ಮ

ಹುಳುಕಡ್ಡಿ ಉಂಟುಮಾಡುವುದು ಹುಳವಲ್ಲ, ಚರ್ಮದ ಹೊರಪದರವನ್ನು ತಿನ್ನುವ ಶಿಲೀಂಧ್ರ. ಲವಂಗದೆಣ್ಣೆ, ಓಮದೆಣ್ಣೆ, ಚಕ್ಕೆಯೆಣ್ಣೆಯನ್ನು ನೇರವಾಗಿ ಹಚ್ಚಿದರೆ ಶಿಲೀಂಧ್ರಕ್ಕಿಂತ ಮೊದಲು ನಮ್ಮ ಚರ್ಮವೇ ಸುಡುತ್ತದೆ. ಜಜ್ಜಿದ ಬೆಳ್ಳುಳ್ಳಿಯನ್ನು ಕಟ್ಟಿಕೊಂಡರೆ ಬೊಬ್ಬೆಗಳೇಳುತ್ತವೆ. ಮಕ್ಕಳ ತೆಳು ಚರ್ಮಕ್ಕೆ, ತೊಡೆಸಂದಿಗೆ, ಸಕ್ಕರೆ ಕಾಯಿಲೆಯವರ ಪಾದಕ್ಕೆ ಇದು ತೀರಾ ಅಪಾಯ. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ, ಸುಟ್ಟದ್ದೇ ತಿಳಿಯುವುದಿಲ್ಲ. ಆ ಸಣ್ಣ ಗಾಯ ಬೆರಳು ಕತ್ತರಿಸುವವರೆಗೂ ಹೋಗಬಹುದು.

ಇದಕ್ಕಿಂತ ದೊಡ್ಡ ತಪ್ಪು ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಏನಾದರೂ ಕೊಡಿ" ಎಂದು ಕೇಳಿ ಮುಲಾಮು ತರುವುದು. ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಆದರೆ ಸ್ಟೀರಾಯ್ಡ್ ಚರ್ಮದ ಕಾವಲನ್ನೇ ಮಲಗಿಸಿಬಿಡುವುದರಿಂದ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಮರಳುತ್ತದೆ. ಚರ್ಮ ತೆಳುವಾಗಿ ಬಿಳಿ ಗೀರುಗಳು ಬೀಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅರೆಬರೆ ಚಿಕಿತ್ಸೆಯ ಫಲವನ್ನು ದೇಶ ಈಗಾಗಲೇ ಕಾಣುತ್ತಿದೆ. ಸಾಮಾನ್ಯ ಔಷಧಿಗೆ ಬಗ್ಗದ ಒಂದು ಬಗೆಯ ಹುಳುಕಡ್ಡಿ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟೈನಿಯೇ ಎಂದು ನಮ್ಮ ದೇಶವನ್ನು ನೆನಪಿಸುವ ಹೆಸರೇ ಬಿದ್ದಿದೆ.

ಸರಿಯಾದ ದಾರಿ ಕಷ್ಟವೇನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಅವರು ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಹೆಣ್ಣುಮಕ್ಕಳು ತೊಡೆಸಂದಿಯ ತೊಂದರೆಯನ್ನು ನಾಚಿಕೆಯಿಂದ ತಿಂಗಳುಗಟ್ಟಲೆ ಬಚ್ಚಿಡುತ್ತಾರೆ. ಲೇಡಿ ಡಾಕ್ಟರನ್ನು ಕೇಳಿ ಪಡೆಯಿರಿ, ಆದರೆ ಬಚ್ಚಿಡಬೇಡಿ. ತುರಿಕೆ ನಿಂತ ಕೂಡಲೇ ಔಷಧಿ ಬಿಡದೆ ಡಾಕ್ಟರ್ ಹೇಳಿದಷ್ಟು ವಾರ ಮುಗಿಸಿ. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಿರಿ, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ವುಝೂ ಮತ್ತು ಒಣಗಿದ ಪಾದ

ದಿನಕ್ಕೆ ಐದು ಹೊತ್ತು ಕೈಕಾಲು ತೊಳೆಯುವ ಸಮುದಾಯಕ್ಕೆ ಅಲ್ಲಾಹನು ದೊಡ್ಡ ಅನುಗ್ರಹ ಮಾಡಿದ್ದಾನೆ. ಶುಚಿತ್ವವನ್ನು ಈಮಾನಿನೊಡನೆ ಜೋಡಿಸಿದವರು ನಮ್ಮ ಪ್ರವಾದಿ(ಸ). ಬೆರಳುಗಳ ನಡುವೆ ಬೆರಳಾಡಿಸಿ ನೀರು ತಲುಪಿಸುವ ಖಿಲಾಲನ್ನೂ ಅವರು ಕಲಿಸಿದ್ದಾರೆ. ಖಿಲಾಲಿನಿಂದ ಅಲ್ಲಿನ ಕೊಳೆ, ಸತ್ತ ಚರ್ಮ ಹೋಗುತ್ತದೆ. ಆದರೆ ತೊಳೆದ ಮೇಲೆ ಒದ್ದೆ ಪಾದವನ್ನು ಸಾಕ್ಸಿಗೆ, ಮುಚ್ಚಿದ ಶೂಗೆ ತುರುಕಿದರೆ ಬೆರಳ ಸಂದಿ ಬಿಳುಚಿ ಒಡೆಯುತ್ತದೆ. ಅದು ವುಝೂವಿನ ದೋಷವಲ್ಲ, ಒರೆಸದ ನಮ್ಮ ಆತುರದ ದೋಷ. ಜೇಬಿನಲ್ಲಿ ಒಂದು ಸಣ್ಣ ಕರವಸ್ತ್ರವನ್ನು ಪಾದಕ್ಕೆಂದೇ ಇಟ್ಟುಕೊಳ್ಳಿ.

ಮಸೀದಿಯ ವುಝೂಖಾನೆಯಲ್ಲಿ ಎಲ್ಲರೂ ಒಂದೇ ಟವೆಲ್ ಬಳಸುವುದು ಬೇಡ. ಒಂದೇ ಬುಟ್ಟಿಯ ಟೋಪಿಗಳನ್ನು ಮಕ್ಕಳೆಲ್ಲ ಹಾಕಿಕೊಳ್ಳುವುದರಿಂದ ತಲೆಯ ಹುಳುಕಡ್ಡಿ ಹರಡಬಹುದು. ಪ್ರತಿ ಮಗುವಿಗೂ ಸ್ವಂತ ಟೋಪಿ ಇರಲಿ. ಮಸೀದಿ ಕಮಿಟಿಯವರು ಚಾಪೆ, ಜಮಖಾನೆಗಳನ್ನು ಆಗಾಗ ಬಿಸಿಲಿಗೆ ಹಾಕಿಸಲಿ. ಹಿಜಾಬ್, ಬುರ್ಖಾ, ಒಳಉಡುಪು ಪೂರ್ತಿ ಒಣಗಿದ ಮೇಲೆಯೇ ತೊಡಿ. ಮಳೆಗಾಲದಲ್ಲಿ ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ ಒಣಹಾಕಿ, ಇಸ್ತ್ರಿ ಮಾಡಿ.

ಕಲೋಂಜಿ ಇದೆಯಲ್ಲ?

ಈ ಪ್ರಶ್ನೆ ಖಂಡಿತ ಬರುತ್ತದೆ. ಕಲೋಂಜಿಯಲ್ಲಿ ಶಿಫಾ ಇದೆಯೆಂದು ಸಹೀಹ್ ಹದೀಸಿನಲ್ಲಿ ಬಂದಿದೆ, ನಾವು ಅದನ್ನು ಗೌರವದಿಂದ ಒಪ್ಪುತ್ತೇವೆ. ಆಹಾರದಲ್ಲಿ ಅದನ್ನು ಬಳಸಿ, ಬರ್ಕತ್ ಇದೆ. ಆದರೆ ಆ ಹದೀಸನ್ನು ಮುಂದಿಟ್ಟು ವೈದ್ಯರ ಬಳಿಗೆ ಹೋಗದಿರುವುದು ಪ್ರವಾದಿಯವರ(ಸ) ನಡೆಯಲ್ಲ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ಹಾರಿಸ್ ಬಿನ್ ಕಲದಃ ಎಂಬ ವೈದ್ಯನ ಬಳಿಗೆ ಹೋಗುವಂತೆ ಪ್ರವಾದಿ(ಸ) ಸೂಚಿಸಿದರೆಂದು ಸುನನ್ ಅಬೂ ದಾವೂದ್‌ನಲ್ಲಿ ಉಲ್ಲೇಖವಿದೆ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ, ಅದರ ಭಾಗ.

2021ರಲ್ಲಿ ಕೊರೋನಾದ ಬೆನ್ನಿಗೆ ಕಪ್ಪು ಶಿಲೀಂಧ್ರ ರೋಗ ಬಂದದ್ದು ಎಲ್ಲರಿಗೂ ನೆನಪಿದೆ. ಆಗ ಪಟಿಕ, ಅರಿಶಿನ, ಸೈಂಧವ ಲವಣ, ಸಾಸಿವೆ ಎಣ್ಣೆಯಿಂದ ಅದು ಗುಣವಾಗುತ್ತದೆ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡಿತು. ಆ ರೋಗಕ್ಕೆ ಬೇಕಾದದ್ದು ಶಸ್ತ್ರಚಿಕಿತ್ಸೆ ಮತ್ತು ಆಂಫೋಟೆರಿಸಿನ್ ಎಂಬ ಔಷಧಿ, ಅದೂ ಗಂಟೆಗಳ ಲೆಕ್ಕದಲ್ಲಿ. ಅಡುಗೆಮನೆಯಲ್ಲಿ ಕಳೆದ ಒಂದೊಂದು ದಿನವೂ ಕಣ್ಣನ್ನೋ ಪ್ರಾಣವನ್ನೋ ಕೇಳುವಂತಹ ಕಾಯಿಲೆ ಅದು. ಇಂತಹ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ.

ಮಕ್ಕಳೊಡನೆ ಒಂದು ಪ್ರಯೋಗ

ಮೂರು ಸಣ್ಣ ಗಾಜಿನ ಬಾಟಲಿ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ನೀರು ಚಿಮುಕಿಸಿದ ಒಂದು ತುಂಡು ಬ್ರೆಡ್. ಎರಡನೆಯದರಲ್ಲಿ ಅಂತಹದೇ ತುಂಡು, ಪಕ್ಕದಲ್ಲಿ ಒಂದು ಚಮಚ ಸಾಸಿವೆ ಪುಡಿಯನ್ನು ನೀರಲ್ಲಿ ಕಲಸಿ ಇಡಿ. ಮೂರನೆಯದರಲ್ಲಿ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿದ ತುಂಡು, ಮಸಾಲೆ ಬೇಡ. ಮೂರಕ್ಕೂ ಮುಚ್ಚಳ ಬಿಗಿದು ಒಂದು ವಾರ ದಿನವೂ ನೋಡಿ, ತೆರೆಯಬೇಡಿ. ಸಾಮಾನ್ಯವಾಗಿ ಮೊದಲನೆಯದು ಬೇಗ ಬೂಷ್ಟು ಹಿಡಿಯುತ್ತದೆ, ಎರಡನೆಯದು ತಡವಾಗಿ. ಮೂರನೆಯದು ಹಾಗೆಯೇ ಉಳಿಯುತ್ತದೆ. ನೋಡಿದ ಮೇಲೆ ಮುಚ್ಚಳ ತೆಗೆಯದೆ ಬಾಟಲಿಗಳನ್ನೇ ಎಸೆಯಿರಿ.

ಮೂರನೆಯ ಬಾಟಲಿಯೇ ಈ ಪಾಠದ ಸಾರ. ಮಸಾಲೆ ಬೂಷ್ಟನ್ನು ತಡಮಾಡುತ್ತದೆ, ಒಣಗಿಸುವುದು ಅದಕ್ಕೆ ದಾರಿಯನ್ನೇ ಕೊಡುವುದಿಲ್ಲ. ಬಿಸಿಲಿಗೆ ಹೆಸರಾದ ನಮ್ಮ ಪಾವಗಡ, ಸಿರಾ ಸೀಮೆಯಲ್ಲಿ ಈ ಔಷಧಿಗೆ ಕಾಸು ಕೊಡಬೇಕಾಗಿಲ್ಲ. ಈ ಶುಕ್ರವಾರ ಜುಮಾ ಮುಗಿದ ಮೇಲೆ ಮನೆಮಂದಿ ಕೂತು ಕಡ್ಲೆಬೀಜದ ಡಬ್ಬಿ, ಮೆಣಸಿನಕಾಯಿ ಚೀಲ ತೆರೆದು ಆರಿಸಿ. ಮುಲಾಮಿನ ಟ್ಯೂಬುಗಳನ್ನು ಹೊರತೆಗೆದು, ಡಾಕ್ಟರ್ ಬರೆಯದೆ ತಂದದ್ದು ಯಾವುದೆಂದು ನೋಡಿ ಬೇರೆ ಇಡಿ. ಹಿರಿಯರ ಪಾದಗಳನ್ನು ಬೆಳಕಿನಲ್ಲಿ ಪರೀಕ್ಷಿಸಿ. ಅಲ್ಲಾಹನು ನಮ್ಮೆಲ್ಲರ ಮನೆಗಳಿಗೆ ಆರೋಗ್ಯ, ಆಫಿಯತ್ ದಯಪಾಲಿಸಲಿ, ಆಮೀನ್.